ಒಂದೇ ಡಬ್ಬಿಯೊಳಗ ಕೂಡು ಅಂದ್ರ ಹೆಂಗ?

ಇಲ್ಲಿ ಬರೆದು ತುಂಬಾ ದಿನ ಆಗಿತ್ತು. ಕೆಲಸ, ಬಾಡಿಗೆ ಮನೆ ಬದಲಾಯಿಸೋ ಗಲಾಟೆ, ನಡುವೆ ಎರಡು ಸಲ ಊರಿಗೆ ಓಡಾಟ... ನೆಪಕ್ಕೇನು ಬರ? ಇವತ್ತು ಬರೀತಿರೋದು ಸಿಟ್ಟಿನಿಂದ. ಮೊದಲೇ ಹೇಳಿಬಿಡ್ತೀನಿ, ಆಮೇಲೆ ಯಾರೂ ಬೇಜಾರು ಮಾಡ್ಕೋಬೇಡಿ.

ನಮ್ಮ ಆಫೀಸಿನಲ್ಲಿ ವರ್ಷಕ್ಕೊಂದು ಸಲ ಒಂದು ಫಾರ್ಮ್ ತುಂಬಬೇಕು. ಈ ಸಲ ಅದರಲ್ಲಿ ಹೊಸದೊಂದು ಡಬ್ಬಿ ಬಂದಿದೆ. 'ಪ್ರೈಮರಿ ಸ್ಕಿಲ್'. ಪಟ್ಟಿ ತೆರೆದರೆ ನಲವತ್ತೋ ಐವತ್ತೋ ಹೆಸರು ಬರ್ತವೆ, ಅದರಲ್ಲಿ ಒಂದನ್ನು ಮಾತ್ರ ಆರಿಸಬೇಕು. ಎರಡು ಆರಿಸೋಕೆ ಹೋದ್ರೆ ಮೊದಲನೇದು ಅಳಿಸಿಹೋಗುತ್ತೆ. ನಾನು ಖಾಲಿ ಬಿಟ್ಟು ಕಳಿಸಿದೆ, ವಾಪಸ್ ಬಂತು. ಮ್ಯಾನೇಜರ್ ಕರೆದರು. ಒಳ್ಳೇ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. "ನೋಡಪ್ಪಾ, ಆರು ವರ್ಷದಲ್ಲಿ ನೀನು ಟೆಸ್ಟಿಂಗ್ ಮಾಡಿದ್ದೀಯ, ಡೇಟಾಬೇಸ್ ನೋಡಿದ್ದೀಯ, ಸರ್ವರ್ ಕಾಯ್ದಿದ್ದೀಯ, ಮೊಬೈಲ್ ಆಪ್ ಬರೆದಿದ್ದೀಯ, ಕಸ್ಟಮರ್ ಹತ್ರ ಬೈಸಿಕೊಂಡೂ ಬಂದಿದ್ದೀಯ. ಎಲ್ಲಾ ಚೆನ್ನಾಗೇ ಮಾಡಿದ್ದೀಯ. ಆದ್ರೆ ಇವನು ಯಾರು ಅಂತ ಮೇಲಿನವರು ಕೇಳಿದ್ರೆ ನಾನು ಏನಂತ ಹೇಳಲಿ?" ಅಂದರು.

ಮನುಷ್ಯ ಅಂತ ಹೇಳಿ ಸಾರ್, ಅನ್ನಬೇಕು ಅಂತಿದ್ದೆ. ಅನ್ನಲಿಲ್ಲ. ಸಾಲದ ಕಂತು ಇದೆ :-)

ಅದೇ ವಾರ ಊರಿಂದ ನಮ್ಮ ಕಾಕಾನ ಫೋನು. ನಮ್ಮೂರು ಶಿರವಾಳ, ಯಾದಗಿರಿ ಜಿಲ್ಲೆ ಶಹಾಪುರ ತಾಲೂಕು. ಕಾಕಾನ ಮಗಳು ಇಂಜಿನಿಯರಿಂಗ್ ಎರಡನೇ ವರ್ಷ ಓದ್ತಿದ್ದಾಳೆ. ಅವಳ ಕಾಲೇಜಿಗೆ ಯಾವುದೋ ಕೋಚಿಂಗ್‌ನವರು ಬಂದು ಭಾಷಣ ಮಾಡಿ ಹೋಗಿದ್ದಾರೆ. ಈಗಿನ ಕಾಲಕ್ಕೆ ಒಂದೇ ವಿದ್ಯೆ ಸಾಕು, ಅದನ್ನ ನಾಲ್ಕು ತಿಂಗಳು ಅರೆದು ಕುಡಿಸ್ತೀವಿ, ಬಾಕಿ ಎಲ್ಲ ಮರೆತುಬಿಡಿ, ಅರವತ್ತು ಸಾವಿರ ಕಟ್ಟಿ. ಕಾಕಾ ಕೇಳಿದ್ದಿಷ್ಟು: "ತಮ್ಮಾ, ಹತ್ತಿ ರೊಕ್ಕ ಬಂದದ. ಆಕಿ ಸೇರ್ತೀನಿ ಅನ್ಲಕತ್ತಾಳ. ನೀ ಅದೇ ಲೈನಿನಾಗ ಅದಿ, ನಿನಗ ಗೊತ್ತಿರತದ. ಕಟ್ಟಲೇನು, ಬ್ಯಾಡೇನು?"

ಫಾರ್ಮಿನ ಡಬ್ಬಿ ಬಗ್ಗೆ ನಾನು ಇನ್ನೂ ನಗ್ತಾ ಇದ್ದೆ. ಈ ಫೋನು ಬಂದ ಮೇಲೆ ನಗು ನಿಂತಿತು. ನನ್ನ ಡಬ್ಬಿ ನನ್ನ ತಲೆನೋವು. ಆದ್ರೆ ಒಂದು ವರ್ಷದ ಹತ್ತಿ ರೊಕ್ಕವನ್ನ ಒಂದೇ ಡಬ್ಬಿಗೆ ಸುರಿ ಅಂತ ಹೇಳೋರಿಗೆ ಉತ್ತರ ಕೊಡಲೇಬೇಕಲ್ವಾ?

ಮೊದಲು ಕಾಕಾನ ಕಥೆಯನ್ನೇ ನೋಡಿ. ಅವನ ಹೊಲಕ್ಕೆ ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬರಬೇಕು. ಬರಬೇಕು ಅಷ್ಟೇ, ಬರುತ್ತೆ ಅಂತ ಹೇಳಲಾರೆ. ವಾರಾಬಂದಿ ಲೆಕ್ಕ ಇಟ್ಟುಕೊಂಡು, ರಾತ್ರಿ ಎರಡಕ್ಕೆ ಎದ್ದು, ಮೇಲಿನ ಹೊಲದವನ ಜೊತೆ ಜಗಳ ಆಡಿ ನೀರು ತರ್ತಾನೆ. ಮೋಟರ್ ಸ್ಟಾರ್ಟರ್ ಕೆಟ್ಟರೆ ಬಿಚ್ಚಿ ತಾನೇ ಕೂಡ್ತಾನೆ. ಹತ್ತಿ ಎಲೆ ಮುದುರಿದ್ದು ನೋಡಿ ಯಾವ ಹುಳ ಅಂತ ಹೇಳ್ತಾನೆ. ಆಕಳು ಕರು ಹಾಕೋವಾಗ ಓಣಿಯವರು ಅವನನ್ನೇ ಕರೀತಾರೆ. ತೊಗರಿ ರೇಟು, ಬ್ಯಾಂಕಿನ ಪಹಣಿ ಕಾಗದ, ಬೆಳೆ ವಿಮೆ ಅರ್ಜಿ, ಮೊಬೈಲ್‌ನಲ್ಲಿ ಬೆಳೆ ಸಮೀಕ್ಷೆ ಫೋಟೋ, ಎಲ್ಲಾ ಅವನದೇ. ಇವನ ಪ್ರೈಮರಿ ಸ್ಕಿಲ್ ಯಾವುದು ಸ್ವಾಮಿ? ಇವನು ಒಂದನ್ನೇ ಅರೆದು ಕುಡಿದು ಬಾಕಿ ಮರೆತಿದ್ದರೆ ಆ ಹತ್ತಿ ರೊಕ್ಕ ಎಲ್ಲಿಂದ ಬರ್ತಿತ್ತು? ಮಜಾ ನೋಡಿ, ಎಲ್ಲಾ ಬಲ್ಲವನು ದುಡಿದ ರೊಕ್ಕವನ್ನ ಒಂದೇ ಬಲ್ಲವಳನ್ನ ಮಾಡೋಕೆ ಕಟ್ಟಬೇಕಂತೆ.

ಇಲ್ಲಿಗೇ ನಿಲ್ಲಿಸಿ 'ನಮ್ಮ ಹಳ್ಳಿ, ನಮ್ಮ ಜಾಣ ರೈತ' ಅಂತ ಹಾಡಿ ಹೊಗಳಿಬಿಟ್ಟರೆ ಸುಲಭ ಇತ್ತು. ಆದ್ರೆ ಸುಳ್ಳಾಗುತ್ತೆ. ಯಾಕಂದ್ರೆ ಇದೇ ಹಳ್ಳಿಯಲ್ಲಿ ಒಂದೇ ಡಬ್ಬಿಯ ಲೆಕ್ಕವನ್ನ ನಮ್ಮ ಕಂಪನಿಗಿಂತ ನೂರಾರು ವರ್ಷ ಮೊದಲೇ ಪಕ್ಕಾ ಮಾಡಿ ಇಟ್ಟಿದ್ದರು. ಆಯಗಾರಿಕೆ ಗೊತ್ತಲ್ಲ? ಕಮ್ಮಾರ, ಬಡಿಗ, ಕುಂಬಾರ, ಅಗಸ, ಹಡಪದ, ತಳವಾರ... ಒಬ್ಬೊಬ್ಬರಿಗೆ ಒಂದೊಂದು ಕಸುಬು, ಸುಗ್ಗಿ ಆದ ಮೇಲೆ ಕಣದಲ್ಲಿ ಅಳೆದು ಕೊಡೋ ಆಯದ ಕಾಳು. ಅಪ್ಪನದು ಏನೋ ಮಗನದೂ ಅದೇ. ಸ್ಪೆಷಲೈಸೇಶನ್ ಅಂದ್ರೆ ಇದಕ್ಕಿಂತ ಬೇಕಾ? ಕಸುಬು ಅವನದ್ದಾಗಿ ಉಳಿಯಲಿಲ್ಲ, ಅವನೇ ಕಸುಬಿನವನಾದ. ಅಂಬೇಡ್ಕರ್ 1936ರ 'ಜಾತಿ ವಿನಾಶ'ದಲ್ಲಿ ಬಿಡಿಸಿ ಹೇಳಿದ್ದು ಇದನ್ನೇ: ಜಾತಿ ಬರೀ ಕೆಲಸದ ಹಂಚಿಕೆ ಅಲ್ಲ, ಕೆಲಸಗಾರರನ್ನೇ ಹಂಚಿ ಗೋಡೆ ಕಟ್ಟಿದ್ದು. 

ಆಫೀಸಿನ ಫಾರ್ಮನ್ನ ಜಾತಿಗೆ ಹೋಲಿಸ್ತಿದ್ದಾನೆ ಅಂತ ಕೋಲು ತಗೋಬೇಡಿ. ಎರಡೂ ಒಂದೇ ಅಲ್ಲ, ನನಗೂ ಗೊತ್ತು. ನಾನು ನಾಳೆ ಡಬ್ಬಿ ಬದಲಾಯಿಸಬಹುದು, ನಮ್ಮೂರಿನ ಎಷ್ಟೋ ಮಂದಿಗೆ ಆ ಭಾಗ್ಯ ಇರಲಿಲ್ಲ, ಪೂರ್ತಿ ಈಗಲೂ ಇಲ್ಲ. ನನ್ನ ತಕರಾರು ಇಷ್ಟೇ. 'ನೀನು ಏನು ಮಾಡ್ತೀಯ' ಅನ್ನೋ ಪ್ರಶ್ನೆ ಹೋಗಿ 'ನೀನು ಯಾರು' ಅನ್ನೋ ಪ್ರಶ್ನೆಗೆ ಕಸುಬಿನ ಹೆಸರು ಹೇಳಬೇಕಾಗಿ ಬಂದ ದಿನ ನಮ್ಮ ಕಡೆ ಹುಟ್ಟಿದವನ ಮೈ ಜುಮ್ ಅನ್ನಬೇಕು. ಅನ್ನದಿದ್ರೆ ಏನೋ ಮರೆತಿದ್ದೀವಿ ಅಂತ ಅರ್ಥ.

ಇದಕ್ಕೆ ನಮ್ಮವರೇ ಕೊಡೋ ಉತ್ತರ ಒಂದಿದೆ. 'ಕಾಯಕವೇ ಕೈಲಾಸ'. ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಬಸವ ಜಯಂತಿಗೊಮ್ಮೆ ಬರುತ್ತೆ, ಅರ್ಥ: ಬಾಯಿ ಮುಚ್ಕೊಂಡು ನಿನ್ನ ಕೆಲಸ ನೀನು ಮಾಡು. ಅಯ್ಯೋ! ನಮ್ಮ ಸುರಪುರ ಸೀಮೆಯ ಮುದನೂರು ಜೇಡರ ದಾಸಿಮಯ್ಯನ ಊರು. ಬಸವಣ್ಣನವರಿಗಿಂತ ಹಿಂದಿನವನು, ಕಸುಬು ನೇಯ್ಗೆ. 'ನನ್ನ ಪ್ರೈಮರಿ ಸ್ಕಿಲ್ ಮಗ್ಗ, ವಚನ ನನ್ನ ವಿಭಾಗಕ್ಕೆ ಬರಲ್ಲ' ಅಂತ ಅವನು ಕೂತಿದ್ದರೆ? ಆಮೇಲೆ ಕಲ್ಯಾಣದಲ್ಲಿ ಕೂಡಿದವರನ್ನ ನೋಡಿ. ದೋಣಿ ನಡೆಸೋ ಚೌಡಯ್ಯ, ಹಗ್ಗ ಹೊಸೆಯೋ ಚಂದಯ್ಯ, ಅಕ್ಕಿ ಆಯ್ದು ತರೋ ಮಾರಯ್ಯ, ಲಕ್ಕಮ್ಮ. ಹಗಲು ಅವರವರ ದುಡಿಮೆ. ಆದರೆ ಕೂತು ಮಾತಾಡೋವಾಗ ದೋಣಿಯವನು ದೋಣಿ ವಿಷಯ ಮಾತ್ರ ಮಾತಾಡು ಅಂತ ಯಾರೂ ಅಂದಿಲ್ಲ. ದೇವರು, ಹಣ, ಗಂಡು ಹೆಣ್ಣು, ರಾಜ್ಯ, ಎಲ್ಲವೂ ಎಲ್ಲರ ವಿಷಯ. ಅಲ್ಲಿ ಕಾಯಕ ಅನ್ನೋ ಮಾತಿಗೆ ತೂಕ ಬಂದದ್ದು ಕೂತು ಮಾತಾಡೋ ಆ ಜಾಗದಿಂದ. ಜಾಗ ಕಿತ್ತುಹಾಕಿ ಕಾಯಕ ಮಾತ್ರ ಇಟ್ಟುಕೊಂಡರೆ ಉಳಿಯೋದು ಬರೀ ದುಡಿತ.

ಸರಿ, ಇನ್ನೊಂದು ಕಥೆ. ನಮ್ಮೂರ ಸುತ್ತ ಹಳೇ ಗುಡಿಗಳು ಬಹಳ. ರಾಷ್ಟ್ರಕೂಟರ, ಕಲ್ಯಾಣ ಚಾಲುಕ್ಯರ ಕಾಲದವು. ಹೊಲದ ನಡುವೆ, ಮನೆ ಹಿತ್ತಲ ಪಕ್ಕ, ಕೆಲವು ನಿಂತಿವೆ, ಕೆಲವು ವಾಲಿವೆ. ಸಣ್ಣವರಿದ್ದಾಗ ನಮಗೆ ಅವು ಕಣ್ಣಾಮುಚ್ಚಾಲೆಗೆ, ಮಳೆ ಬಂದರೆ ಆಡುಗಳಿಗೆ. ದೊಡ್ಡವನಾದ ಮೇಲೆ ಇವನ್ನ ಕಟ್ಟಿದವರು ಯಾರಿರಬಹುದು ಅಂತ ಓದೋಕೆ ಶುರು ಮಾಡಿದೆ. ಇಲ್ಲಿನ ಶಿಲ್ಪಿಗಳ ಹೆಸರು ನನಗೆ ಸಿಗಲಿಲ್ಲ. ಆದ್ರೆ ಇವಕ್ಕಿಂತ ಹಿಂದಿನ, 8ನೇ ಶತಮಾನದ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಶಾಸನದಲ್ಲಿ ಒಬ್ಬ ಸಿಕ್ಕ. ಸರ್ವಸಿದ್ಧಿ ಆಚಾರಿ. ತೆಂಕಣ ದಿಸೆಯ ಸೂತ್ರಧಾರಿ ಅಂತ ಅವನ ಬಿರುದು. ಏನೇನು ಬಲ್ಲವನು ಅಂತ ಶಾಸನ ಪಟ್ಟಿ ಕೊಡುತ್ತೆ: ಕಟ್ಟಡ, ಪ್ರಾಸಾದ, ವಾಹನ, ಆಸನ, ಹಾಸಿಗೆ ಮಂಚ, ರತ್ನದ ಕಿರೀಟ. ಗುಡಿಯಿಂದ ಹಿಡಿದು ಮಂಚದ ತನಕ! ಇವತ್ತು ಇದೇ ರೆಸ್ಯೂಮೆ ಎಚ್‌ಆರ್‌ಗೆ ಕಳಿಸಿದ್ರೆ 'ಫೋಕಸ್ ಇಲ್ಲ' ಅಂತ ಎತ್ತಿಡ್ತಾರೆ. ಅವತ್ತು ಕಲ್ಲಿನ ಮೇಲೆ ಕೆತ್ತಿದರು.

(ಇನ್ನೂ ಹಿಂದಕ್ಕೆ ಹೋಗಬಹುದು. ಸುರಪುರ ಹುಣಸಗಿ ಕಡೆ ಇಸಾಂಪುರ ಅಂತ ಊರಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಲ್ಲಿ ಅಗೆದು ಸುಮಾರು 12 ಲಕ್ಷ ವರ್ಷ ಹಳೆಯ ಕಲ್ಲಾಯುಧದ ಕಾರ್ಖಾನೆಯನ್ನೇ ತೋರಿಸಿದರು. ಸುಣ್ಣಕಲ್ಲಿನ ಚಪ್ಪಡಿ ಎತ್ತಿ, ಅಲ್ಲೇ ಒಡೆದು ಕೈಗೊಡಲಿ ಮಾಡಿದ್ದಾರೆ. ಕಡಿಯೋಕೂ ಅದೇ, ಅಗೆಯೋಕೂ ಅದೇ, ಮಾಂಸ ಕೊಯ್ಯೋಕೂ ಅದೇ. ಕೈಗೊಡಲಿಯಿಂದ ಕೆರಿಯರ್ ಪಾಠ ಹೇಳೋದು ಸ್ವಲ್ಪ ಜಾಸ್ತಿ ಆಯ್ತು, ಗೊತ್ತು. ಊರಿನ ಅಭಿಮಾನ, ಕ್ಷಮಿಸಿ.)

ಈಗ ನಮ್ಮ ಮನೆಯದೇ ಉದಾಹರಣೆಗೆ ಬರೋಣ. ನೀವು ನಾನು ಕನ್ನಡದಲ್ಲಿ ಟೈಪ್ ಮಾಡ್ತಿದ್ದೀವಲ್ಲ, ಇದು ಯಾರ ಪುಣ್ಯ? ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್. ಅವರು ಮಾಡಿದ ಕೆಲಸದ ಪಟ್ಟಿ ನೋಡಿದರೆ ನಮ್ಮ ಫಾರ್ಮು ತಲೆ ತಿರುಗಿ ಬೀಳುತ್ತೆ. ಮುಂಬಯಿಯ ವಿಜ್ಞಾನ ಸಂಸ್ಥೆಯ ನಂಟು, ಟಾಟಾ ಪ್ರೆಸ್, ಮೊನೊಟೈಪ್, ಆಮೇಲೆ ಮಣಿಪಾಲದಲ್ಲಿ ಮೇಷ್ಟ್ರು. ನಡುವೆ ಲಿಪಿಗಳ ಹುಚ್ಚು. 'ವರ್ಣಕ' ಅಂತ ಕಾದಂಬರಿಯನ್ನೂ ಬರೆದಿದ್ದಾರೆ. ಇವರ ಪ್ರೈಮರಿ ಸ್ಕಿಲ್ ಆರಿಸಿ ನೋಡೋಣ.

ಅವರ ಕೀಲಿಮಣೆಯ ಒಳಗುಟ್ಟು ಎಷ್ಟು ಸರಳ ಅಂದ್ರೆ ಈಗ ಅದರಲ್ಲಿ ಏನೂ ವಿಶೇಷ ಇಲ್ಲ ಅನ್ನಿಸುತ್ತೆ. ಅಚ್ಚುಕೂಟದಲ್ಲಿ ಕನ್ನಡ ಜೋಡಿಸೋಕೆ ನೂರಾರು ಅಚ್ಚಿನ ಮೊಳೆ ಬೇಕಿತ್ತು. ಕಾಗುಣಿತಕ್ಕೊಂದು, ಒತ್ತಿಗೊಂದು. ಅಷ್ಟನ್ನೂ ಇಂಗ್ಲಿಷಿನ 26 ಕೀಲಿಯಲ್ಲಿ ಕೂಡಿಸೋದು ಹೇಗೆ? ರಾವ್ ಆಕಾರ ಬಿಟ್ಟು ಉಚ್ಚಾರಣೆ ಹಿಡಿದರು. 'ಕೆ' ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ವ್ಯಂಜನದ ಹಿಂದೆ ಸ್ವರ ಒತ್ತಿದರೆ ಅದು ತಾನಾಗಿ ಕಾಗುಣಿತ ಆಗುತ್ತೆ. ನಡುವೆ 'ಎಫ್' ಒತ್ತಿದರೆ ಒತ್ತಕ್ಷರ. ಮುಗೀತು. ಬೆರಳು ಉಚ್ಚಾರಣೆಯನ್ನ ಹೇಳುತ್ತೆ, ಆಕಾರ ಕೂಡಿಸೋ ತಲೆನೋವು ಕಂಪ್ಯೂಟರಿನದು. ಇದು ಹೊಳೀಬೇಕಾದರೆ ವ್ಯಾಕರಣ ಗೊತ್ತಿರಬೇಕು, ಅಚ್ಚಿನ ಮೊಳೆ ಗೊತ್ತಿರಬೇಕು, ಕಂಪ್ಯೂಟರೂ ಗೊತ್ತಿರಬೇಕು. ಮೂರರಲ್ಲಿ ಒಂದರ ಪಂಡಿತನಿಗೆ ಇದು ಹೊಳೀತಿರಲಿಲ್ಲ ಅಂತ ನಾನು ಪಣ ಕಟ್ತೀನಿ.

ಅಷ್ಟೇ ಮುಖ್ಯ ಇನ್ನೊಂದಿದೆ. ಅವರು ಅದನ್ನ ಬೀಗ ಹಾಕಿ ಇಟ್ಟುಕೊಳ್ಳಲಿಲ್ಲ. 'ಸೇಡಿಯಾಪು' ಅಂತ ತಂತ್ರಾಂಶ ಮಾಡಿ ಪುಕ್ಕಟೆ ಹಂಚಿದರು. ಆ ವಿನ್ಯಾಸವೇ ಮುಂದೆ ಕನ್ನಡ ಗಣಕ ಪರಿಷತ್ತಿನ ಮೂಲಕ ಸರ್ಕಾರದ ಕ-ಗ-ಪ ಆಯಿತು, ನುಡಿಯಲ್ಲಿ ಬಂತು. ಅತ್ತ 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. 2003ರಲ್ಲಿ ಕನ್ನಡ ವಿಕಿಪೀಡಿಯ. ಆಮೇಲೆ ಯೂನಿಕೋಡಿನ ಕಾಲದಲ್ಲಿ 'ರ‍್ಯಾಂಕ್' ಅಂತ ಬರೆದರೆ ಅರ್ಕಾವೊತ್ತು ಆಗಿ ಎಲ್ಲೋ ಹೋಗಿ ಕೂರೋ ಕಾಟ ನೆನಪಿದೆಯಾ? ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಿ ಅದನ್ನ ಬೇರೆ ಮಾಡಬೇಕು. ಇಂಥ ನೂರು ಸಣ್ಣ ಕಾಟಗಳನ್ನ ಬಿಡಿಸಿದವರು ಸಂಬಳದವರಿಗಿಂತ ಹೆಚ್ಚಾಗಿ ರಾತ್ರಿ ಊಟ ಆದ ಮೇಲೆ ಕೂತ ಜನ. 'ವಚನ ಸಂಚಯ' ನೋಡಿ. ಸಮಗ್ರ ವಚನ ಸಂಪುಟದ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನ ಇವತ್ತು ಪದ ಹಾಕಿ ಹುಡುಕಬಹುದು. ಅದರ ಹಿಂದೆ ಓ.ಎಲ್. ನಾಗಭೂಷಣ ಸ್ವಾಮಿ ಅವರಂಥ ವಿಮರ್ಶಕರು, ಓಂಶಿವಪ್ರಕಾಶ್ ಅವರಂಥ ತಂತ್ರಜ್ಞರು ಒಂದೇ ಮೇಜಿಗೆ ಕೂತರು. ಕನ್ನಡ ಮೇಷ್ಟ್ರು ಕಂಪ್ಯೂಟರಿನ ಭಾಷೆ ಸ್ವಲ್ಪ ಕಲೀಬೇಕಾಯ್ತು, ಕಂಪ್ಯೂಟರಿನವರು ವಚನ ಓದಬೇಕಾಯ್ತು.

ನಾನು ಕೆಲಸ ಕಲಿತದ್ದೂ ಇಂಥದೇ ಮಂದಿ ಹತ್ತಿರ. ಕಾಲೇಜಿನಲ್ಲಿ ಮೂರನೇ ವರ್ಷ, ಹಾಸ್ಟೆಲಿನಲ್ಲಿ ಒಂದೇ ಲ್ಯಾಪ್‌ಟಾಪಿಗೆ ಐದು ಜನ. ನಮ್ಮೂರಿನ ಗುಡಿಗಳ ಬಗ್ಗೆ ಎಲ್ಲೂ ನಾಲ್ಕು ಸಾಲು ಕನ್ನಡದಲ್ಲಿ ಇಲ್ಲ ಅಂತ ಬೇಜಾರಾಗಿ ಬರೆಯೋಕೆ ಹೋದವನು ನಾನು. ಬರೆದದ್ದು ಸರಿ ಕಾಣಲಿಲ್ಲ ಅಂತ ಫಾಂಟ್ ಕಲಿತೆ, ಹಳೇ ಫೈಲು ಯೂನಿಕೋಡಿಗೆ ತರೋಕೆ ಪೈಥಾನ್ ಕಲಿತೆ, ಅದನ್ನ ಇಡೋಕೆ ಜಾಗ ಬೇಕು ಅಂತ ಸರ್ವರ್ ಕಲಿತೆ. ಎಲ್ಲಾ ಹೇಳಿಕೊಟ್ಟವರು ಮುಖ ನೋಡದ ಜನ. ಒಬ್ಬರು ಪುತ್ತೂರಿನವರು, ಒಬ್ಬರು ಸಾಗರದವರು, ಇನ್ನೊಬ್ಬರು ಅಮೆರಿಕದಲ್ಲಿ ಮಗು ಮಲಗಿಸಿ ಬಂದು ಕೂರೋರು. ನನ್ನ ಮೊದಲ ಕೆಲಸ ಸಿಕ್ಕಿದ್ದು ಅವರಲ್ಲೊಬ್ಬರು 'ಈ ಹುಡುಗ ಸಿಕ್ಕಿಕೊಂಡದ್ದನ್ನ ಬಿಡಿಸ್ತಾನೆ' ಅಂತ ಒಂದು ಸಾಲು ಬರೆದದ್ದಕ್ಕೆ. ಆ ಸಾಲಿನಲ್ಲಿ ಯಾವ ಸ್ಕಿಲ್ಲಿನ ಹೆಸರೂ ಇರಲಿಲ್ಲ.

ಒಂದು ಸಲ ಪದಗಳನ್ನ ಅಕಾರಾದಿಯಲ್ಲಿ ಜೋಡಿಸೋ ಪ್ರೋಗ್ರಾಂ ಬರೆದೆ. ಬಾಲವಾಡಿಯ ಗೋಡೆ ಮೇಲೆ ಕಲಿತಂತೆ ಳ ಆದ ಮೇಲೆ ಕ್ಷ, ಜ್ಞ ಇಟ್ಟೆ. ಕ್ಷಮೆ, ಕ್ಷಾಮ, ಕ್ಷೇತ್ರ ಎಲ್ಲಾ ಕೊನೇ ಪುಟಕ್ಕೆ ಹೋಗಿ ಬಿದ್ದವು. ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಪಾಪ ರಾತ್ರಿ ಹತ್ತೂವರೆಗೆ ಫೋನ್ ಮಾಡಿ, "ಕ್ಷ ಅನ್ನೋದು ಬೇರೆ ಅಕ್ಷರ ಅಲ್ಲಪ್ಪಾ, ಕ ಅಕ್ಷರಕ್ಕೆ ಷ ಒತ್ತು. ನಿಘಂಟು ತೆಗೆದು ಕ ವಿಭಾಗ ನೋಡು, ಆಮೇಲೆ ಮಲಗು" ಅಂದರು. ಎಲ್ಲಾ ಕಡೆ ಕೈ ಹಾಕೋನಿಗೆ ಇರೋ ದೊಡ್ಡ ಅಪಾಯ ಇದೇ. ಅರೆಬರೆ ಗೊತ್ತಿದ್ದೂ ಪೂರಾ ಗೊತ್ತು ಅನ್ನೋ ಧಿಮಾಕು. ನನ್ನ ಧಿಮಾಕು ಇಳಿಸೋಕೆ ಒಂದು ಗುಂಪು ಇತ್ತು. ಅದಿಲ್ಲದಿದ್ದರೆ ನಾನು ಇವತ್ತೂ ಕ್ಷಮೆಯನ್ನ ಕೊನೇ ಪುಟದಲ್ಲೇ ಇಟ್ಟಿರ್ತಿದ್ದೆ.

ಈ ಗುಂಪಿಗೆ ಏನಂತ ಹೆಸರು? ಪುಸ್ತಕದ ಪ್ರಕಾರ 'ಸಮುದಾಯ'. ಆದ್ರೆ ನಮ್ಮ ಕಡೆ ಪೇಪರ್ ತೆಗೀರಿ. 'ಸಮುದಾಯದ ಮುಖಂಡರು', 'ಸಮುದಾಯ ಭವನ', 'ಸಮುದಾಯಕ್ಕೆ ಅನ್ಯಾಯ'. ಎಲ್ಲಾ ಕಡೆ ಅರ್ಥ ಜಾತಿ. ಎಷ್ಟು ಒಳ್ಳೇ ಪದ ಹಾಳಾಯ್ತು ನೋಡಿ! ಹುಟ್ಟಿನಿಂದ ಬಂದದ್ದಕ್ಕೆ ಆ ಹೆಸರು ಕೊಟ್ಟು, ಸೇರಿ ಕೆಲಸ ಮಾಡಿದ್ದಕ್ಕೆ ಹೆಸರೇ ಇಲ್ಲದ ಹಾಗೆ ಮಾಡಿದ್ದೀವಿ. ನಾನು ಬೆಂಗಳೂರಿಗೆ ಬಂದಾಗ ಪರಿಚಯದವರೊಬ್ಬರು "ನಿಮ್ಮ ಸಮುದಾಯದವರು ಇಲ್ಲಿ ಬಹಳ ಇದ್ದಾರೆ, ಪರಿಚಯ ಮಾಡಿಸ್ತೀನಿ" ಅಂದರು. ಕನ್ನಡ ತಂತ್ರಾಂಶದವರು ಅಂದುಕೊಂಡು ಹೋದೆ. ಅಲ್ಲಿ ಕೇಳಿದ ಮೊದಲ ಪ್ರಶ್ನೆ ಮನೆತನದ ಹೆಸರು. ಚಹಾ ಕುಡಿದು ಬಂದೆ.

ಈಗ ಎದುರು ಪಕ್ಷದವರ ಮಾತು. 'ಹೃದಯದ ಆಪರೇಶನ್ನಿಗೆ ಎಲ್ಲಾ ಬಲ್ಲ ಡಾಕ್ಟರ್ ಹತ್ರ ಹೋಗ್ತೀಯಾ?' ಹೋಗಲ್ಲ. ಕಲಬುರಗಿಗೋ ಬೆಂಗಳೂರಿಗೋ ಅದನ್ನೇ ಮಾಡೋರ ಹತ್ರ ಹೋಗ್ತೀನಿ. ನಮ್ಮ ಫೀಲ್ಡಿನಲ್ಲೂ ಕಂಪೈಲರ್ ಬರೆಯೋರು, ಗೂಢಲಿಪಿ ಗಣಿತದವರು ಇದ್ದಾರೆ, ಇಪ್ಪತ್ತು ವರ್ಷ ಒಂದೇ ಬಾವಿ ತೋಡಿದವರು. ಅವರಿಗೆ ಕೈ ಮುಗೀತೀನಿ. ಆದ್ರೆ ಕೋಚಿಂಗ್‌ನವರು ಮಾರ್ತಿರೋದು, ಫಾರ್ಮಿನ ಪಟ್ಟಿಯಲ್ಲಿರೋದು ಆ ಬಾವಿಯೇ? ಒಂದು ಕಂಪನಿಯ ಒಂದು ಸಾಫ್ಟ್‌ವೇರಿನ ಒಂದು ಆವೃತ್ತಿಯ ಯಾವ ಬಟನ್ ಎಲ್ಲಿದೆ ಅನ್ನೋದು. ಅದನ್ನ ಆಳ ಅಂತ ಕರೆಯೋದು ಮೊಣಕಾಲುದ್ದ ಗುಂಡಿಗೆ ಬಾವಿ ಅಂದ ಹಾಗೆ.

ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ಸಿಂಬಿಯನ್ ಬಲ್ಲವರಿಗೆ ಎಂಥಾ ಗಿರಾಕಿ ಇತ್ತು ಅಂತ ಸೀನಿಯರ್‌ಗಳನ್ನ ಕೇಳಿ. 2011ರ ಫೆಬ್ರವರಿಯಲ್ಲಿ ನೋಕಿಯಾ ಒಂದು ದಿನ ಎದ್ದು ವಿಂಡೋಸ್ ಫೋನ್ ಹಿಡೀತೀವಿ ಅಂತ ಘೋಷಿಸಿತು. ಆ ವಿಂಡೋಸ್ ಫೋನೂ ಉಳೀಲಿಲ್ಲ ಅನ್ನೋದು ಬೇರೆ ಕಥೆ. ಫ್ಲ್ಯಾಶ್ ಬಲ್ಲವರು? ಅಡೋಬಿ 2020ರ ಡಿಸೆಂಬರ್ 31ಕ್ಕೆ ಅದಕ್ಕೆ ಎಳ್ಳುನೀರು ಬಿಟ್ಟಿತು. ಹೋದ ವರ್ಷ ನನ್ನ ಪಕ್ಕದ ಸೀಟಿನವರು ಹೋದರು. ವಯಸ್ಸು ನಲವತ್ತೆರಡು, ಹನ್ನೊಂದು ವರ್ಷ ಒಂದೇ ಪ್ರಾಡಕ್ಟು, ಫಾರ್ಮಿನ ಡಬ್ಬಿಯಲ್ಲಿ ಅದರದೇ ಹೆಸರು. ಗಿರಾಕಿ ಕಂಪನಿ ಆ ಪ್ರಾಡಕ್ಟು ಬಿಟ್ಟಿತು, ಇವರಿಗೆ ಎರಡು ತಿಂಗಳ ಸಂಬಳ ಕೊಟ್ಟು ಕಳಿಸಿದರು. ಒಂದೇ ಕಡೆ ಗಮನ ಕೊಡಿ ಅಂತ ವರ್ಷ ವರ್ಷ ಅವರಿಗೆ ಹೇಳಿದವರೇ ಕಾಗದಕ್ಕೆ ಸಹಿ ಹಾಕಿದ್ದು. ಅವರು ಹೋಗೋವಾಗ ನನಗೆ ಕೊಟ್ಟದ್ದು ಒಂದು ಹಸಿರು ಗಿಡದ ಕುಂಡ, ಮತ್ತೆ "ಯಾರದಾದರೂ ಪರಿಚಯ ಇದ್ದರೆ ಹೇಳು" ಅನ್ನೋ ಮಾತು. ಹನ್ನೊಂದು ವರ್ಷದಲ್ಲಿ ಆ ಫ್ಲೋರಿನ ಆಚೆ ಅವರಿಗೆ ಯಾರೂ ಗೊತ್ತಿರಲಿಲ್ಲ.

ಹಾಗಂತ ಎಲ್ಲಾ ಬಲ್ಲೆ ಅನ್ನೋ ವೀರರ ಬಗ್ಗೆಯೂ ನನಗೆ ಪ್ರೀತಿ ಇಲ್ಲ. 'ನಾನು ಯಾರ ಸಹಾಯವೂ ಇಲ್ಲದೆ ಹತ್ತು ವಿದ್ಯೆ ಕಲಿತೆ' ಅಂತ ಬರ್ಕೊಳ್ಳೋರು ದಿನಕ್ಕೆ ನಾಲ್ಕು ಜನ ಸಿಗ್ತಾರೆ. ಅಂಥವರಿಗೆ ನಮ್ಮ ಸುರಪುರದ ಟೇಲರ್ ಸಾಹೇಬರ ಕಥೆ ಹೇಳಬೇಕು. ಫಿಲಿಪ್ ಮೆಡೋಸ್ ಟೇಲರ್, 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿ, ಹದಿನೈದರ ಪ್ರಾಯದಲ್ಲಿ ಮುಂಬಯಿ ವ್ಯಾಪಾರಿಯ ಹತ್ರ ಬಂದು, ನಿಜಾಮನ ಪಡೆ ಸೇರಿದವನು. 1841ರಲ್ಲಿ ಸುರಪುರಕ್ಕೆ ಬಂದು 1853ರ ತನಕ ಬಾಲಕ ದೊರೆ ವೆಂಕಟಪ್ಪ ನಾಯಕನ ಹೆಸರಲ್ಲಿ ಸಂಸ್ಥಾನ ನಡೆಸಿದ. ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ಆದ್ರೆ ಕಾನೂನು, ಭೂಮಾಪನ, ರಸ್ತೆ, ಕೆರೆ ಎಲ್ಲಾ ಮಾಡಿಸಿದ. ಕಾದಂಬರಿ ಬರೆದ, ಥಗ್ಗನ ತಪ್ಪೊಪ್ಪಿಗೆಯ ಪುಸ್ತಕ 1839ರದು. ರಾಜನಕೋಳೂರಿನ ಕಲ್ಲುಮನೆಗಳನ್ನ ಅಳೆದು, ಜೇವರ್ಗಿಯಲ್ಲಿ ಹಳೇ ಗೋರಿ ಅಗೆದು ವಿದ್ವತ್ ಪತ್ರಿಕೆಗೆ ಬರೆದ. ಈ ಸೀಮೆಯ ಬೃಹತ್ ಶಿಲಾಸಮಾಧಿಗಳ ಬಗ್ಗೆ ಯಾರೇ ಬರೆದರೂ ಅವನಿಂದಲೇ ಶುರು ಮಾಡಬೇಕು. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಈಗಲೂ ಇದೆ.

ದೊಡ್ಡ ಮನುಷ್ಯ, ಒಪ್ಪಿಕೊಂಡೆ. ಆದ್ರೆ ಸರಪಳಿ ಹಿಡಿದು ಭೂಮಿ ಅಳೆದವರು ಯಾರು? ಯಾವ ಗುಡ್ಡದ ಹಿಂದೆ ಕಲ್ಲುಮನೆ ಇವೆ ಅಂತ ತಲೆತಲಾಂತರದಿಂದ ಬಲ್ಲವರು ಯಾರು? ಕುರಿ ಕಾಯೋರು, ಊರ ಗೌಡರು, ತಳವಾರರು. ಅವರ ಹೆಸರು ಎಷ್ಟು ಉಳೀತು? ಇನ್ನೊಂದು, ಅವನು ಎಲ್ಲದಕ್ಕೂ ಕೈ ಹಾಕೋಕೆ ಆದದ್ದು ಬೇಡ ಅನ್ನೋರು ಯಾರೂ ಇಲ್ಲದ್ದಕ್ಕೆ. ಸಾಹೇಬನಿಗೆ 'ಕ್ಷ ಅಲ್ಲಿ ಬರಲ್ಲಪ್ಪಾ' ಅಂತ ಹೇಳೋ ಮೇಷ್ಟ್ರು ಆ ದರ್ಬಾರಿನಲ್ಲಿ ಇರಲಿಲ್ಲ. ಅವನನ್ನ ಅಪ್ಪಾ ಅಂತ ಕರೀತಿದ್ದ ಅದೇ ಹುಡುಗ ದೊರೆಯಾಗಿ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೆರೆ ಸಿಕ್ಕು, ಸತ್ತ. ಅಷ್ಟೆಲ್ಲ ಬಲ್ಲ ಸಾಹೇಬನ ಕೈಲಿ ಅವನನ್ನ ಉಳಿಸೋಕೆ ಆಗಲಿಲ್ಲ. ಅಂಥ ಒಂಟಿ ಸರ್ವಜ್ಞತನ ನನಗೆ ಬೇಡ.

ಕೊನೆಗೊಂದು ಮಾತು ನಮಗೆ ನಾವೇ. ಕೆ.ಪಿ. ರಾವ್ ಹೆಸರು ಹೇಳಿ ಚಪ್ಪಾಳೆ ಹೊಡೀತೀವಿ, ನವೆಂಬರ್ ಬಂದರೆ ಬಾವುಟದ ಚಿತ್ರ ಹಾಕ್ತೀವಿ. ಆದ್ರೆ ನಮ್ಮ ಭಾನುವಾರದ ಕೆಲಸಕ್ಕೆ ಹೋದ ತಿಂಗಳು ಬಂದವರು ಮೂರು ಜನ. ಹನ್ನೆರಡು ಜನ 'ಬರ್ತೀವಿ' ಅಂದಿದ್ದರು. ಒಬ್ಬ ಗೆಳೆಯ ನೇರವಾಗಿ ಹೇಳಿದ, "ಇದು ನನ್ನ ಸ್ಕಿಲ್‌ಸೆಟ್‌ಗೆ ಸೇರಲ್ಲ ಕಣೋ, ರೆಸ್ಯೂಮೆಗೆ ಉಪಯೋಗ ಇಲ್ಲ." ಅವನೂ ಕಲಬುರಗಿ ಹಾಸ್ಟೆಲಿನ ಅದೇ ಲ್ಯಾಪ್‌ಟಾಪಿನ ಐದನೆಯವನು. ಅವನ ಸಂಬಳ ನನ್ನದಕ್ಕಿಂತ ಹೆಚ್ಚು, ಸುಳ್ಳು ಯಾಕೆ ಹೇಳಲಿ. ಮನೆ ಕೊಂಡಿದ್ದಾನೆ. ನಮ್ಮಪ್ಪ ಪ್ರತಿ ಸಲ ಫೋನಿನಲ್ಲಿ ಅದನ್ನ ನೆನಪು ಮಾಡ್ತಾರೆ. ಅದಕ್ಕೆ ನನ್ನ ಹತ್ರ ಒಳ್ಳೇ ಉತ್ತರ ಇಲ್ಲ.

ಕಾಕಾಗೆ ಏನು ಹೇಳಿದೆ ಅಂತ ಕೇಳ್ತೀರಾ? ಕಟ್ಟಬ್ಯಾಡ ಅಂದೆ. ಆ ರೊಕ್ಕದಾಗ ಅರ್ಧದಷ್ಟಕ್ಕೆ ಹಳೇ ಲ್ಯಾಪ್‌ಟಾಪ್ ಒಂದು ಕೊಡಿಸು, ರಜಾದಾಗ ಆಕೀನ ಬೆಂಗಳೂರಿಗೆ ಕಳಿಸು, ನಮ್ಮ ಭಾನುವಾರದ ಮಂದಿ ಜೋಡಿ ಕೂಡ್ಲಿ, ಏನು ಹಿಡಿಸ್ತದೋ ಅದು ಕಲೀಲಿ, ಮತ್ತ ಇನ್ನೊಂದು ಕಲೀಲಿ ಅಂದೆ.

"ಅದರಾಗ ನೌಕರಿ ಗ್ಯಾರಂಟಿ ಏನು?"

"ಇಲ್ಲ ಕಾಕಾ. ಅವರದೂ ಇಲ್ಲ. ಅವರು ಅದ ಅಂತಾರ, ಅಷ್ಟೇ ಫರಕು."

ಸ್ವಲ್ಪ ಹೊತ್ತು ಸುಮ್ಮನಿದ್ದ. ಹಿಂದೆ ಮೋಟರ್ ಸದ್ದು ಕೇಳ್ತಿತ್ತು. "ನೀರು ಬಂತು, ಆಮ್ಯಾಲ ಮಾತಾಡ್ತೀನಿ" ಅಂತ ಇಟ್ಟ. ರಾತ್ರಿ ಹುಡುಗಿಯೇ ಮೆಸೇಜ್ ಮಾಡಿದಳು: "ಅಣ್ಣಾ, ಆ ವಚನ ಹುಡುಕೋ ಸೈಟಿನಾಗ ಮುದನೂರು ಅಂತ ಹಾಕಿದ್ರ ಏನು ಬರತದ ನೋಡ್ಲಕತ್ತೀನಿ. ಇದು ಒಳಗ ಹೆಂಗ ಕೆಲಸ ಮಾಡತದ?" ಒಂದೂವರೆ ಗಂಟೆ ಹಿಡೀತು ಹೇಳೋಕೆ. ರೊಕ್ಕ ಇನ್ನೂ ಬ್ಯಾಂಕಿನಲ್ಲಿದೆ, ಕಾಕಾ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ.

ಫಾರ್ಮ್ ಮೂರನೇ ಸಲ ವಾಪಸ್ ಬಂದಿದೆ. ಶುಕ್ರವಾರ ಕಡೇ ದಿನ.